ರಾಜನ ಪಾತ್ರ, ಚಾರನ ಪಾತ್ರ

(ಪಕ್ಷದ ತಾಲ್ಲೂಕು ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ‘ಐತಿಹಾಸಿಕ ಕಾದಂಬರಿ ಮತ್ತು ವರ್ಗಶಕ್ತಿ’ ಎಂಬ ವಿಷಯವಾಗಿ ಮಾಡಿದ ಭಾಷಣ)



ಕಾರ್ಯಕರ್ತರ ಶಿಬಿರದಲ್ಲಿ ಕಾದಂಬರಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಬೆಳಿಗ್ಗೆ ಚಹಾ ಕುಡಿಯುವಾಗ ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಬಗರ್‌ಹುಕುಂ ಅರ್ಜಿಗಳ ವಿಷಯ ಮಧ್ಯಾಹ್ನಕ್ಕೆ ಇದೆ, ಕೂಲಿಯ ವಿಷಯ ನಾಳೆಗೆ ಇದೆ. ನಡುವೆ ಈ ಒಂದು ಗಂಟೆಯನ್ನು ರಾಜರಾಣಿಯರ ಕಥೆಗೆ ಕೊಡಬೇಕೆ ಎಂಬುದು ನಿಮ್ಮ ಅನುಮಾನ. ಅನುಮಾನ ತಪ್ಪಲ್ಲ. ಆದರೆ ಮೊದಲು ನಾನು ಒಂದು ನಾಟಕದ ಮಾತು ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ಈ ಗಂಟೆ ದಂಡವೇ ಅಲ್ಲವೇ ಎಂದು ನೀವೇ ತೀರ್ಮಾನಿಸಿ.

ನಾನು ಮೇಷ್ಟರಾಗಿದ್ದ ಊರಿನಲ್ಲಿ ಪ್ರತಿ ವರ್ಷ ಜಾತ್ರೆಗೆ ಒಂದು ನಾಟಕ ಆಡುತ್ತಿದ್ದರು. ಒಂದು ವರ್ಷ ಪೌರಾಣಿಕವಾದರೆ ಮತ್ತೊಂದು ವರ್ಷ ಐತಿಹಾಸಿಕ. ಹಾರ್ಮೋನಿಯಂ ಮೇಷ್ಟರಿಗೆ ಸಂಬಳ, ಪರದೆಗೆ ಬಾಡಿಗೆ, ಡ್ರೆಸ್ಸಿಗೆ ಬಾಡಿಗೆ, ಮೈಕಿಗೆ ಬಾಡಿಗೆ — ಇಷ್ಟು ಖರ್ಚನ್ನೂ ಪಾತ್ರ ಮಾಡುವವರೇ ಹಂಚಿಕೊಂಡು ಕೊಡಬೇಕು. ನಿಮ್ಮ ಊರುಗಳಲ್ಲಿಯೂ ಇದೇ ಪದ್ಧತಿ ಇರುವುದನ್ನು ಬಲ್ಲಿರಿ. ರಾಜನ ಪಾತ್ರಕ್ಕೆ ಹೆಚ್ಚು ಹಣ, ಮಂತ್ರಿಗೆ ಅದಕ್ಕಿಂತ ಕಡಮೆ, ಚಾರನಿಗೂ ದ್ವಾರಪಾಲಕನಿಗೂ ಎಲ್ಲಕ್ಕಿಂತ ಕಡಮೆ. ಹೀಗಾಗಿ ಅಡಿಕೆ ಮಂಡಿಯವರ ಮಗನೇ ಪ್ರತಿ ಸಲವೂ ರಾಜ. ಗಾರೆ ಕೆಲಸ ಮಾಡುವ ಒಬ್ಬ ಮನುಷ್ಯನಿದ್ದ. ಅವನ ಕಂಠ ಇಡೀ ಊರಿಗೇ ಚೆನ್ನಾದದ್ದು. ಪ್ರಾಕ್ಟೀಸಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ, ಎಲ್ಲರ ಮಾತನ್ನೂ ಬಾಯಿಪಾಠ ಮಾಡಿದ್ದ. ಆದರೂ ನಾನು ಕಂಡ ಆರು ವರ್ಷವೂ ಅವನು ಚಾರನೇ. ಪರದೆ ಸರಿಸಿ ಬಂದು ಕೈಮುಗಿದು “ಅಪ್ಪಣೆ, ಮಹಾಪ್ರಭು” ಎಂದು ಹೇಳಿ ಒಳಗೆ ಹೋಗುವುದು, ಇಷ್ಟೇ ಅವನ ಪಾತ್ರ. ಒಂದು ದಿನ ನಾನು ಕೇಳಿದೆ, “ಏನಪ್ಪಾ, ಬೇಜಾರಾಗುವುದಿಲ್ಲವೇ?” ಅವನು ನಕ್ಕು, “ಮೇಷ್ಟ್ರೇ, ಹಗಲು ಹೊತ್ತು ಏನು ಮಾಡ್ತೀನೋ ಅದನ್ನೇ ರಾತ್ರಿ ಬಣ್ಣ ಹಚ್ಚಿಕೊಂಡು ಮಾಡ್ತೀನಿ. ಅಷ್ಟೇ ಅಲ್ವಾ?” ಎಂದ.

ಸಂಗಾತಿಗಳೆ, ಈ ಮನುಷ್ಯ ಆಡಿದ ಮಾತನ್ನು ನಾನು ಈಗಲೂ ಮರೆತಿಲ್ಲ. ಇತಿಹಾಸವನ್ನು ಕಥೆ ಮಾಡಿ ಹೇಳುವ ಎಲ್ಲ ಕಡೆಗಳಲ್ಲಿಯೂ ಹೀಗೆಯೇ ಒಂದು ಪಾತ್ರ ಹಂಚಿಕೆ ನಡೆಯುತ್ತದೆ. ಯಾರಿಗೆ ಹೆಸರು ಕೊಡಬೇಕು, ಯಾರನ್ನು ‘ಪ್ರಜೆಗಳು’ ಎಂಬ ಒಂದೇ ಮಾತಿನಲ್ಲಿ ಮುಗಿಸಬೇಕು. ಯಾರ ದುಃಖಕ್ಕೆ ಹತ್ತು ಪುಟ, ಯಾರ ಸಾವಿಗೆ ಅರ್ಧ ಸಾಲು. ಯಾರು ಯೋಚನೆ ಮಾಡುತ್ತಾರೆ, ಯಾರು ಅಪ್ಪಣೆ ಪಡೆಯುತ್ತಾರೆ — ಇದನ್ನೆಲ್ಲ ಬರೆಯುವವನು ತೀರ್ಮಾನಿಸುತ್ತಾನೆ. ಕಾದಂಬರಿಯ ರಾಜಕೀಯವನ್ನು ಕಥಾಪಾತ್ರಗಳು ಮಾಡುವ ಭಾಷಣಗಳಲ್ಲಿ ಮಾತ್ರ ಹುಡುಕಿದರೆ ಸಿಕ್ಕದು. ಅದನ್ನು ಈ ಪಾತ್ರ ಹಂಚಿಕೆಯಲ್ಲಿ ಹುಡುಕಬೇಕು. ನಾನು ಇಂದು ಹೇಳಬೇಕೆಂದಿರುವುದು ಇದೊಂದೇ ಮಾತು. ಉಳಿದದ್ದೆಲ್ಲ ಉದಾಹರಣೆ.

ಮೊದಲು ನಮ್ಮ ಕನ್ನಡದ ಒಂದು ದೊಡ್ಡ ಕಾದಂಬರಿಯನ್ನೇ ತೆಗೆದುಕೊಳ್ಳೋಣ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಹೊರಬಂದಿತು. 1983ರ ಜ್ಞಾನಪೀಠ ಪ್ರಶಸ್ತಿ ಮಾಸ್ತಿಯವರಿಗೆ ಬಂದಾಗ ಅದರ ಹೆಸರು ದೇಶಕ್ಕೆಲ್ಲ ತಿಳಿಯಿತು. ಕೊಡಗಿನ ಕಡೆಯ ಅರಸ ಚಿಕ್ಕವೀರರಾಜ ಪಟ್ಟಕ್ಕೆ ಬಂದದ್ದು 1820ರಲ್ಲಿ, ಕಂಪನಿಯವರು ಅವನನ್ನು ಇಳಿಸಿದ್ದು 1834ರಲ್ಲಿ. ಆ ಕೊನೆಗಾಲದ ಕಥೆಯೇ ಕಾದಂಬರಿ. ಅರಸನ ಕುಡಿತ, ಕ್ರೌರ್ಯ, ಹೆಣ್ಣಿನ ಹುಚ್ಚು. ಅವನ ಬಾಲ್ಯದ ಜೊತೆಗಾರನಾಗಿದ್ದು ಮಂತ್ರಿಪದವಿಗೆ ಏರಿದ ಕುಂಟ ಬಸವ. ಮತ್ತಿಬ್ಬರು ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ. ಇವರೆಲ್ಲರ ನಡುವೆ ಮನೆತನದ ಮಾನವನ್ನೂ ನಾಡಿನ ಮಾನವನ್ನೂ ಉಳಿಸಲು ಹೆಣಗುವ ರಾಣಿ ಗೌರಮ್ಮ. ಕಡೆಗೆ ಬೋಪಣ್ಣನೇ ಕಂಪನಿಯ ದಂಡಿಗೆ ದಾರಿ ಬಿಡುತ್ತಾನೆ.

ಈ ಕಾದಂಬರಿಯನ್ನು ಹಳಿಯುವುದಕ್ಕಾಗಿ ನಾನು ಎತ್ತಿಕೊಂಡಿಲ್ಲ. ಅರಸೊತ್ತಿಗೆಯನ್ನು ಮಾಸ್ತಿಯವರು ಹೊಗಳಿ ಹಾಡಲಿಲ್ಲ. ಒಬ್ಬನ ಕೈಯಲ್ಲಿ ಎಲ್ಲ ಅಧಿಕಾರವೂ ಸೇರಿದರೆ ಆ ಒಬ್ಬನ ರೋಗ ನಾಡಿಗೆಲ್ಲ ಹೇಗೆ ಹಬ್ಬುತ್ತದೆಂಬುದನ್ನು ಅವರಷ್ಟು ಸ್ಪಷ್ಟವಾಗಿ ಕಾಣಿಸಿದವರು ಕಡಮೆ. ಇಂಗ್ಲಿಷರ ಲೆಕ್ಕಾಚಾರವನ್ನೂ ಅವರು ಮುಚ್ಚಿಡಲಿಲ್ಲ. ಮಾಸ್ತಿಯವರು ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ಕೆಟ್ಟ ಒಡೆಯನ ಕೈಕೆಳಗೆ ಒಳ್ಳೆಯ ಅಧಿಕಾರಿ ಏನು ಮಾಡಬೇಕು ಎಂಬ ಸಂಕಟ ಅವರಿಗೆ ಚೆನ್ನಾಗಿ ಗೊತ್ತು. ಆದುದರಿಂದಲೇ ಆ ಮಂತ್ರಿಗಳು ಜೀವಂತವಾಗಿದ್ದಾರೆ.

ಆದರೆ ಪಾತ್ರ ಹಂಚಿಕೆಯನ್ನು ನೋಡಿ. ರಾಜ್ಯ ಬೀಳುವುದಕ್ಕೆ ಕಾರಣ ಅರಸನ ಶೀಲ. ರಾಜ್ಯ ಉಳಿಯಬೇಕಾದರೆ ಬೇಕಾದದ್ದು ಒಳ್ಳೆಯ ಅರಸ, ಇಲ್ಲವೆ ಒಳ್ಳೆಯ ಮಂತ್ರಿ. ಕೆಳಗಿನಿಂದ ಮೇಲಕ್ಕೆ ಹತ್ತಿದವನೊಬ್ಬನೇ ಒಬ್ಬ, ಆ ಕುಂಟ ಬಸವ. ಅವನು ಅರಸನ ಕೆಟ್ಟತನಕ್ಕೆಲ್ಲ ಕೈಯಾಗುವವನು. ಅವನ ಹುಟ್ಟಿನ ಗುಟ್ಟನ್ನು ಬಿಚ್ಚಿ ಮಾಸ್ತಿಯವರು ಅವನಿಗೂ ಒಂದು ನ್ಯಾಯ ಕೊಟ್ಟಿದ್ದಾರೆ, ನಿಜ. ಆದರೆ ಕೊಡಗಿನ ಗದ್ದೆಗಳಲ್ಲಿ ಮಂಡಿಯುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡುತ್ತಿದ್ದ ಹೊಲೆಯರು, ಯರವರು, ಆ ಜೀತದಾಳುಗಳು, ಕಥೆಯನ್ನು ತಿರುಗಿಸುವವರಲ್ಲ. ಅರಸ ಹೋದರೂ ಕಂಪನಿ ಬಂದರೂ ಅವರಿಗೆ ಏನಾಯಿತೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅಧಿಕಾರವೆಂದರೆ ಅರಮನೆಯೊಳಗಿನ ಐದಾರು ಜನರ ವ್ಯವಹಾರ ಎಂಬ ಭಾವನೆಯೊಂದಿಗೆ ಓದುಗ ಪುಸ್ತಕ ಮುಚ್ಚುತ್ತಾನೆ.

ಈಗ ಅದೇ ಕೊಡಗಿನ ಕಥೆಯನ್ನು ಇನ್ನು ಮೂರು ವರ್ಷ ಮುಂದಕ್ಕೆ ನಡೆಸೋಣ. 1834ರಲ್ಲಿ ಅರಸನನ್ನು ಇಳಿಸಿ ಕಾಶಿಗೆ ಕಳಿಸಿದ ಮೇಲೆ ಕಂಪನಿ ಸರ್ಕಾರ ಏನು ಮಾಡಿತು? ಘಟ್ಟದ ಕೆಳಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ತೆಗೆದು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಅಲ್ಲಿನ ರೈತರು ಕಂದಾಯವನ್ನು ಬೆಳೆದ ಪದಾರ್ಥದಲ್ಲಿ ಕೊಡುತ್ತಿದ್ದರು. ಈಗ ರೊಕ್ಕದಲ್ಲಿಯೇ ಕೊಡಬೇಕೆಂದು ಹುಕುಂ ಆಯಿತು. ಇದರ ಅರ್ಥವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಂದಾಯದ ಕಂತು ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಭತ್ತ ಮಾರಬೇಕು. ಎಲ್ಲರೂ ಮಾರಿದರೆ ಧಾರಣೆ ಬೀಳಬೇಕು. ಧಾರಣೆ ಬಿದ್ದರೆ ಸಾಹುಕಾರನಲ್ಲಿ ಸಾಲ ಮಾಡಬೇಕು. ಉಪ್ಪು, ಹೊಗೆಸೊಪ್ಪಿನ ವ್ಯಾಪಾರವೂ ಸರ್ಕಾರದ ಮುಷ್ಟಿಯಲ್ಲಿತ್ತು. ಅರಮನೆಯಲ್ಲಿ ನಡೆದ ಬದಲಾವಣೆ ಒಕ್ಕಲಿಗನ ಕಣಜಕ್ಕೆ ಬಂದು ಮುಟ್ಟಿದ್ದು ಹೀಗೆ.

1837ರಲ್ಲಿ ಆ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರು ಮುಂದಾಳುಗಳು. ಸುಳ್ಯದಿಂದ ಹೊರಟ ದಂಡು ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದು, ಬಾವುಟಗುಡ್ಡೆಯ ಮೇಲೆ ತನ್ನ ಬಾವುಟ ಹಾರಿಸಿತು. ಸುಮಾರು 13 ದಿನ ಅಲ್ಲಿ ಕಂಪನಿಯ ಆಳ್ವಿಕೆ ಇರಲಿಲ್ಲ. ಆಮೇಲೆ ಹೊರಗಿನಿಂದ ಪಡೆ ಬಂದಿತು. ಮುಂದಾಳುಗಳನ್ನು ಗಲ್ಲಿಗೆ ಹಾಕಿದರು. ಅಪ್ಪಯ್ಯ ಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಇತ್ತ ಸರ್ಕಾರದ ಪಕ್ಷ ವಹಿಸಿದ ಕೊಡಗಿನ ಪ್ರಮುಖರಿಗೆ ‘ಕೂರ್ಗ್ ಪದಕ’ ಎಂದು ಚಿನ್ನದ ಪದಕ, ಬೆಳ್ಳಿಯ ಪದಕ ಮಾಡಿಸಿ ಕೊಟ್ಟರು. ಒಂದು ಕಡೆ ಹಗ್ಗ, ಒಂದು ಕಡೆ ಪದಕ. ವರ್ಗಶಕ್ತಿ ಎಂದರೇನೆಂದು ಕೇಳಿದವರಿಗೆ ಈ ಎರಡನ್ನು ತೋರಿಸಿದರೆ ಸಾಕು.

ಈ ದಂಗೆಗೆ ಬಹುಕಾಲ ಉಳಿದಿದ್ದ ಹೆಸರು ಯಾವುದು ಗೊತ್ತೇ? ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ಪುಂಡಾಟ. ಗೆದ್ದವರು ಇಟ್ಟ ಹೆಸರನ್ನೇ ಸೋತವರ ಮೊಮ್ಮಕ್ಕಳು ಬಾಯಲ್ಲಿ ಆಡಿದರು. ಇದನ್ನು ಲೂಟಿಯಲ್ಲ, ಬಿಡುಗಡೆಯ ಹೋರಾಟವೆಂದು ಕಾದಂಬರಿಯಾಗಿಸಿದವರು ನಿರಂಜನ. ಅವರ ‘ಕಲ್ಯಾಣಸ್ವಾಮಿ’ ಈ ದಂಗೆಯ ಕಥೆಯೇ. ನಿರಂಜನರು ಹುಟ್ಟಿದ್ದು ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ; ದಂಗೆ ಎದ್ದ ಸೀಮೆಯ ಮಣ್ಣಿನವರೇ ಅವರು. ‘ಚಿಕವೀರ ರಾಜೇಂದ್ರ’ವನ್ನೂ ‘ಕಲ್ಯಾಣಸ್ವಾಮಿ’ಯನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಓದಿರೆಂದು ನಾನು ನಿಮಗೆ ಹೇಳುತ್ತೇನೆ. ನಾಡು ಒಂದೇ, ಕಾಲವೂ ಹೆಚ್ಚುಕಡಮೆ ಒಂದೇ. ಒಂದರಲ್ಲಿ ಅರಸನ ಬೀಳುವಿಕೆ ಕಥೆಯ ಕೊನೆ. ಇನ್ನೊಂದರಲ್ಲಿ ಅದೇ ಕಥೆಯ ಮೊದಲು.

ಇಲ್ಲಿ ಒಂದು ತೊಡಕು ಇದೆ. ಅದನ್ನು ಮುಚ್ಚಿಡುವುದು ಸಮಾಜವಾದಿಗೆ ತಕ್ಕದ್ದಲ್ಲ. ಕಂದಾಯದ ಬಾಧೆಯಿಂದ ಎದ್ದ ಆ ರೈತರು ಯಾರ ಹೆಸರಿನಲ್ಲಿ ಎದ್ದರು? ರೈತರ ಹೆಸರಿನಲ್ಲಲ್ಲ. ಪುಟ್ಟಬಸಪ್ಪನೆಂಬ ಒಬ್ಬನನ್ನು ಹಾಲೇರಿ ಅರಸುಮನೆಯ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿಕೊಂಡು ಎದ್ದರು. ಅದಕ್ಕೆ ಆರೇಳು ವರ್ಷ ಹಿಂದೆ, 1830–31ರಲ್ಲಿ, ನಮ್ಮ ನಗರ ಸೀಮೆಯಲ್ಲಿ ಆದದ್ದೂ ಇದೇ. ಮೈಸೂರು ಸರ್ಕಾರದ ಶರ್ತಿನ ಪದ್ಧತಿಯಲ್ಲಿ ಅಮಲ್ದಾರ ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಒಪ್ಪಿಕೊಂಡು ಬರುತ್ತಿದ್ದ, ಅಷ್ಟನ್ನೂ ರೈತನ ಬೆನ್ನಿನಿಂದ ಸುಲಿಯುತ್ತಿದ್ದ. ರೈತರು ಕೂಟಗಳಲ್ಲಿ ಸೇರಿ ಕಂದಾಯ ಕೊಡುವುದಿಲ್ಲವೆಂದರು. ಆದರೆ ಆ ದಂಗೆಯೂ ಒಬ್ಬ ರಾಜನನ್ನು ಹುಡುಕಿಕೊಂಡಿತು. ಬಿದನೂರು ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸಪ್ಪನ ಹೆಸರು ಮುಂದೆ ಬಂದಿತು. ಆ ದಂಗೆಯ ನೆಪದಲ್ಲಿಯೇ ಇಂಗ್ಲಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡರು. ಅದು ಹಿಂದಕ್ಕೆ ಬಂದದ್ದು 1881ರಲ್ಲಿ.

ಎಂದರೆ, ತನ್ನ ಹೊಟ್ಟೆಗಾಗಿ ಎದ್ದ ರೈತನೂ ರಾಜನ ಡ್ರೆಸ್ಸನ್ನು ಬಾಡಿಗೆಗೆ ತರಬೇಕಾಯಿತು. ಏಕೆ? ರೈತನೊಬ್ಬ ತನ್ನ ಹೆಸರಿನಲ್ಲಿಯೇ ನ್ಯಾಯ ಕೇಳಬಹುದು ಎಂಬ ಕಥೆಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಕೇಳಿದ ಲಾವಣಿ, ಕಂಡ ಆಟ, ನಂಬಿದ ಪುರಾಣ ಎಲ್ಲವೂ ನ್ಯಾಯವೆಂದರೆ ಒಳ್ಳೆಯ ರಾಜ ಎಂದೇ ಕಲಿಸಿದ್ದವು. ಕಥೆಯ ಶಕ್ತಿ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಈ ಒಂದು ಗಂಟೆಯನ್ನು ನಾನು ಕೇಳಿದ್ದು ಇದಕ್ಕಾಗಿ.

ಇದು ನಮ್ಮ ದೇಶದ ಮಾತು ಮಾತ್ರವೇ ಎಂದು ಕೇಳಬಹುದು. ಅಲ್ಲ. ಲೋಕದ ಮಹಾಕಾದಂಬರಿ ಎನಿಸಿದ ಟಾಲ್‌ಸ್ಟಾಯ್‌ಯವರ ‘ಯುದ್ಧ ಮತ್ತು ಶಾಂತಿ’ಯನ್ನೇ ನೋಡಿ. ಇದು ಕನ್ನಡದಲ್ಲಿಯೂ ದೊರೆಯುತ್ತದೆ. 1812ರಲ್ಲಿ ನೆಪೋಲಿಯನ್ ರಷ್ಯದ ಮೇಲೆ ಏರಿಬಂದ ಕಥೆ. ಬರೆದದ್ದು 1860ರ ದಶಕದಲ್ಲಿ, ರಷ್ಯದಲ್ಲಿ ಜೀತದ ಒಕ್ಕಲುತನವನ್ನು 1861ರಲ್ಲಿ ತೆಗೆದುಹಾಕಿದ ಹೊಸತರಲ್ಲಿ. ಇತಿಹಾಸವನ್ನು ನಡೆಸುವವರು ಚಕ್ರವರ್ತಿಗಳೂ ಸೇನಾಪತಿಗಳೂ ಅಲ್ಲ, ಹೆಸರಿಲ್ಲದ ಕೋಟಿ ಜನ ಎಂದು ಆ ಕಾದಂಬರಿ ಪುಟಗಟ್ಟಲೆ ವಾದಿಸುತ್ತದೆ. ಇಂಥ ಮಾತನ್ನು ಆಡಿದ ಜಮೀನ್ದಾರ ಮನೆತನದ ಲೇಖಕ ಇನ್ನೊಬ್ಬನಿಲ್ಲ.

ಆದರೆ ಅದೇ ಪುಸ್ತಕದಲ್ಲಿ ಬೊಗುಚಾರೊವೊ ಎಂಬ ಹಳ್ಳಿಯ ಒಂದು ಪ್ರಸಂಗವಿದೆ. ಶತ್ರು ಹತ್ತಿರ ಬರುತ್ತಿದ್ದಾನೆ. ಜಮೀನಿನ ಒಡತಿ, ತಂದೆ ಸತ್ತ ದುಃಖದಲ್ಲಿರುವ ರಾಜಕುಮಾರಿ ಮಾರ್ಯಾ, ಅಲ್ಲಿಂದ ಹೊರಡಬೇಕಾಗಿದೆ. ಒಕ್ಕಲುಗಳು ಗಾಡಿ, ಕುದುರೆ ಕೊಡುವುದಿಲ್ಲವೆನ್ನುತ್ತಾರೆ. ಅವಳನ್ನು ಹೊರಡಲೂ ಬಿಡುವುದಿಲ್ಲವೆನ್ನುತ್ತಾರೆ. ಉಗ್ರಾಣದ ಧಾನ್ಯ ಕೊಡುತ್ತೇನೆಂದರೂ ನಂಬುವುದಿಲ್ಲ. ಬಿಡುಗಡೆ ಬರಲಿದೆಯೆಂಬ ಗಾಳಿಮಾತು ಅವರ ಕಿವಿಗೆ ಬಿದ್ದಿದೆ. ಆಗ ನಿಕೊಲಾಯ್ ರೊಸ್ತೊವ್ ಎಂಬ ಕುದುರೆ ದಳದ ತರುಣ ಅಧಿಕಾರಿ ಬರುತ್ತಾನೆ. ಮುಂದೆ ನಿಂತು ಮಾತಾಡಿದ ಒಕ್ಕಲಿಗನಿಗೆ ಹೊಡೆಯುತ್ತಾನೆ, ಕಟ್ಟಿಹಾಕಿಸುತ್ತಾನೆ. ಅಷ್ಟಕ್ಕೇ ಹಳ್ಳಿಯೆಲ್ಲ ತಣ್ಣಗಾಗಿ, ಅದೇ ಒಕ್ಕಲುಗಳು ಒಡತಿಯ ಸಾಮಾನನ್ನು ಜೋಪಾನವಾಗಿ ಗಾಡಿಗೆ ಏರಿಸುತ್ತಾರೆ. ಓದುವಾಗ ನಮಗೆ ಹೇಗನಿಸುತ್ತದೆ? ಅಬ್ಬ, ಆ ಹೆಣ್ಣುಮಗಳು ಉಳಿದಳಲ್ಲ ಎಂದು ನಿಟ್ಟುಸಿರು ಬಿಡುತ್ತೇವೆ! ಹೊಡೆತ ತಿಂದ ಒಕ್ಕಲಿಗನ ಮನೆಯಲ್ಲಿ ಆ ರಾತ್ರಿ ಏನು ಮಾತಾಯಿತೆಂದು ನಾವು ಕೇಳುವುದೇ ಇಲ್ಲ. ಏಕೆಂದರೆ ಕಥೆಯ ಕಣ್ಣು ಒಡತಿಯ ಕೋಣೆಯಲ್ಲಿದೆ.

ಜನರೇ ಇತಿಹಾಸ ಮಾಡುವವರೆಂದು ತತ್ವದಲ್ಲಿ ಒಪ್ಪಿದ ಮಹಾನುಭಾವನೂ, ಆ ಜನ ನಿಜವಾಗಿ ಗಾಡಿ ಕೊಡುವುದಿಲ್ಲ ಎಂದಾಗ ಚಾಟಿ ಹಿಡಿದವನ ಪಕ್ಕದಲ್ಲಿ ನಿಂತನು. ನಾನು ಇದನ್ನು ಟಾಲ್‌ಸ್ಟಾಯ್‌ಯವರನ್ನು ಕಿರಿದು ಮಾಡುವುದಕ್ಕೆ ಹೇಳುತ್ತಿಲ್ಲ. ಅವರು ಆ ಒಕ್ಕಲುಗಳ ಅಸಮಾಧಾನವನ್ನು ಬರೆಯದೆ ಬಿಡಬಹುದಿತ್ತು, ಬಿಡಲಿಲ್ಲ. ಬರೆದುದರಿಂದಲೇ ನಾವು ಇಂದು ಈ ಪ್ರಶ್ನೆ ಕೇಳಲು ಸಾಧ್ಯವಾಯಿತು. ದೊಡ್ಡ ಲೇಖಕ ತನ್ನ ಅಭಿಪ್ರಾಯಕ್ಕಿಂತ ಹೆಚ್ಚು ಸತ್ಯವನ್ನು ಕಾಣಿಸುತ್ತಾನೆ. ಅದನ್ನು ಹೆಕ್ಕಿ ತೆಗೆಯುವುದು ಓದುವವನ ಕೆಲಸ.

ಒಂದು ಆಕ್ಷೇಪಣೆ ಉಂಟು. “ಸ್ವಾಮಿ, ಶಾಸನದಲ್ಲಿ ರಾಜನ ಹೆಸರಿದೆ, ದಫ್ತರದಲ್ಲಿ ದಿವಾನರ ಹೆಸರಿದೆ. ಆಳುಗಳ ಹೆಸರೇ ಇಲ್ಲದಿರುವಾಗ ಕಾದಂಬರಿಕಾರ ಏನು ಮಾಡಿಯಾನು?” ಈ ಪ್ರಶ್ನೆಗೆ ಹವರ್ಡ್ ಫಾಸ್ಟ್ ಎಂಬ ಅಮೆರಿಕದ ಲೇಖಕ ಉತ್ತರ ಕೊಟ್ಟಿದ್ದಾನೆ. ಸಂಗಡಿಗರ ಹೆಸರು ಹೇಳಲು ಒಪ್ಪದ ಕಾರಣಕ್ಕೆ ಅವನು 1950ರಲ್ಲಿ ಜೈಲು ಕಂಡವನು. 1951ರಲ್ಲಿ ಅವನ ‘ಸ್ಪಾರ್ಟಕಸ್’ ಕಾದಂಬರಿಯನ್ನು ಪ್ರಕಾಶಕರು ಮುಟ್ಟಲಿಲ್ಲ. ತಾನೇ ಅಚ್ಚು ಹಾಕಿಸಿದ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಗುಲಾಮರು ಎದ್ದ ಕಥೆ. ಸೋತ ಗುಲಾಮರಲ್ಲಿ ಆರು ಸಾವಿರ ಜನರನ್ನು ರಾಜಮಾರ್ಗದ ಉದ್ದಕ್ಕೂ ಶಿಲುಬೆಗೆ ಏರಿಸಿದರು. ಗುಲಾಮರು ತಾವಾಗಿ ಬರೆದಿಟ್ಟ ಒಂದು ಅಕ್ಷರವೂ ಉಳಿದಿಲ್ಲ. ನಮಗೆ ಸಿಕ್ಕುವುದೆಲ್ಲ ಒಡೆಯರ ಕಡೆಯವರು ಬರೆದದ್ದು. ಫಾಸ್ಟ್ ಏನು ಮಾಡಿದ? ಆ ಹೆಣಗಳ ಸಾಲಿನ ನಡುವೆ ಪಯಣ ಮಾಡುವ ರೋಮಿನ ಶ್ರೀಮಂತರಿಂದಲೇ ಕಥೆ ತೊಡಗಿಸಿದ. ಅವರ ಮಾತು, ಅವರ ನೆನಪು, ಅವರ ಅಂಜಿಕೆ — ಇವುಗಳ ಬಿರುಕಿನಲ್ಲಿ ಸ್ಪಾರ್ಟಕಸ್ ಕಾಣುತ್ತಾನೆ. ಒಡೆಯನ ಕಾಗದವನ್ನೇ ಸರಿಯಾಗಿ ಓದಿದರೆ ಅವನು ಯಾರಿಗೆ ಹೆದರಿದ್ದನೆಂಬುದು ಅದರಲ್ಲೇ ಇರುತ್ತದೆ. ದಾಖಲೆ ಇಲ್ಲವೆಂಬುದು ನೆವವಾಗಬಾರದು.

ಇನ್ನು ನಮ್ಮ ಕಡೆಯವರ ಬರವಣಿಗೆಯ ಮಾತು. ಪರರ ತಪ್ಪನ್ನು ಎಣಿಸಿದ ಬಾಯಿ ನಮ್ಮದನ್ನು ಎಣಿಸದಿದ್ದರೆ ಅದು ನ್ಯಾಯವಲ್ಲ. ನಿರಂಜನರ ‘ಚಿರಸ್ಮರಣೆ’ 1955ರದು. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದು ಈಗ ಕೇರಳದಲ್ಲಿರುವ ಕಯ್ಯೂರಿನಲ್ಲಿ 1941ರ ಮಾರ್ಚಿಯಲ್ಲಿ ರೈತರ ಮೆರವಣಿಗೆಯ ಸಂದರ್ಭದಲ್ಲಿ ಒಬ್ಬ ಪೊಲೀಸು ಹೊಳೆಯಲ್ಲಿ ಮುಳುಗಿ ಸತ್ತ. ಅದಕ್ಕಾಗಿ 1943ರ ಮಾರ್ಚಿ 29ರಂದು ನಾಲ್ವರು ತರುಣರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಅದು ಕಮ್ಯುನಿಸ್ಟರು ನಡೆಸಿದ ಹೋರಾಟ. ಅವರಿಗೂ ನಮಗೂ ಇರುವ ಭೇದಗಳು ಇದ್ದೇ ಇವೆ. ಆದರೆ ಆ ನಾಲ್ವರ ಮುಂದೆ ಟೋಪಿ ತೆಗೆಯದವನು ಸಮಾಜವಾದಿಯಲ್ಲ. ಆ ಕಾದಂಬರಿಯಲ್ಲಿ ಕನ್ನಡದ ಓದುಗ ಮೊದಲ ಸಲ ರೈತರ ಹುಡುಗರನ್ನು ಕಥಾನಾಯಕರಾಗಿ, ಅವರವರ ಹೆಸರಿನಲ್ಲಿಯೇ, ರಾಜನ ಡ್ರೆಸ್ಸಿಲ್ಲದೆ ಕಂಡ ಎಂದರೆ ಹೆಚ್ಚು ತಪ್ಪಾಗದು. ಅಪ್ಪು, ಚಿರುಕಂಡ ಎಂಬ ಹೆಸರುಗಳು ಕನ್ನಡಿಗರ ಮನೆಮಾತಾದವು.

ಅದರಲ್ಲಿ ಒಬ್ಬ ಮಾಸ್ತರಿದ್ದಾನೆ. ಹುಡುಗರ ಕಣ್ಣು ತೆರೆಸುವವನು ಅವನೇ. ನಾನೂ ಮೇಷ್ಟರಾಗಿದ್ದವನಾದುದರಿಂದ ಮೊದಲ ಸಲ ಓದಿದಾಗ ಆ ಪಾತ್ರ ನನಗೆ ಬಹಳ ಹಿಡಿಸಿತು. ನಿಜ ಹೇಳಬೇಕೆಂದರೆ, ನಾನು ಈ ಕೆಲಸಕ್ಕೆ ಬಂದದ್ದರಲ್ಲಿ ಆ ಮಾಸ್ತರನ ಪಾಲೂ ಇದೆ. ಆದರೆ ಹಳ್ಳಿಗಳಲ್ಲಿ ತಿರುಗಿದಂತೆ ನನಗೆ ಒಂದು ಸಂದೇಹ ಬಂದಿತು. ಜನರಿಗೆ ಬುದ್ಧಿ ಬರುವುದು ಅಕ್ಷರ ಕಲಿತವನು ಬಂದು ಹೇಳಿದ ಮೇಲೆಯೇ? ನಾನು ಹೋಗುವ ಮೊದಲೇ ಆ ಗಾರೆ ಕೆಲಸದವನಿಗೆ ತನ್ನ ಪಾತ್ರ ಏನೆಂದು ಗೊತ್ತಿತ್ತಲ್ಲ! ನಮ್ಮ ಪ್ರಗತಿಪರ ಕಾದಂಬರಿಗಳಲ್ಲಿ ಅನೇಕ ಸಲ ರಾಜನ ಸಿಂಹಾಸನದಲ್ಲಿ ಮುಖಂಡನನ್ನು ಕೂರಿಸಿ, ರೈತನನ್ನು ಮತ್ತೆ ಚಾರನಾಗಿಯೇ ನಿಲ್ಲಿಸುವುದುಂಟು. “ಅಪ್ಪಣೆ, ಮಹಾಪ್ರಭು” ಎಂಬುದರ ಬದಲು “ಸರಿ, ಸಂಗಾತಿ” ಎನ್ನಿಸಿದರೆ ಪಾತ್ರ ಹಂಚಿಕೆ ಬದಲಾದಂತಾಗಲಿಲ್ಲ. ಜಮೀನ್ದಾರನಿಗೆ ಮೀಸೆ ಬರೆದು ರಾಕ್ಷಸನನ್ನಾಗಿ ಮಾಡುವುದೂ ಇಂಥದೇ ತಪ್ಪು. ಸುಲಿಗೆ ಮಾಡುವುದಕ್ಕೆ ಮನುಷ್ಯ ಕೆಟ್ಟವನೇ ಆಗಿರಬೇಕಾಗಿಲ್ಲ. ಪದ್ಧತಿ ಹಾಗಿದ್ದರೆ ದೇವರಂಥ ಮನುಷ್ಯನೂ ಸುಲಿಯುತ್ತಾನೆ. ಇದನ್ನು ಮರೆತ ಕಾದಂಬರಿ, ಒಡೆಯ ಒಳ್ಳೆಯವನಾದರೆ ಸಾಕೆಂಬ ಹಳೆಯ ಪಾಠವನ್ನೇ ಮತ್ತೊಂದು ಬಾಗಿಲಿನಿಂದ ಒಳಗೆ ಬಿಡುತ್ತದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ನಮ್ಮ ದೇಶದಲ್ಲಿ ವರ್ಗ ಬರಿಮೈಯಲ್ಲಿ ಓಡಾಡುವುದಿಲ್ಲ, ಜಾತಿಯ ಅಂಗಿ ತೊಟ್ಟೇ ಓಡಾಡುತ್ತದೆ. ಡಾಕ್ಟರ್ ಲೋಹಿಯಾ ಜೀವಮಾನವೆಲ್ಲ ಒತ್ತಿ ಹೇಳಿದ್ದು ಇದನ್ನೇ. ಜಾತಿಯೇ ಇಲ್ಲದ ‘ರೈತ’, ಜಾತಿಯೇ ಇಲ್ಲದ ‘ಕೂಲಿ’ ಪುಸ್ತಕದಲ್ಲಿ ಇದ್ದಾನು, ನಮ್ಮ ಊರಿನಲ್ಲಿ ಇಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದಿತು. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ. ಅದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಆದುದರಿಂದ ಅದನ್ನು ಐತಿಹಾಸಿಕ ಕಾದಂಬರಿ ಎಂದು ಕರೆಯುವ ರೂಢಿಯೂ ಇಲ್ಲ. ಆದರೆ ನನ್ನ ಮಟ್ಟಿಗೆ ಕನ್ನಡದ ದೊಡ್ಡ ಐತಿಹಾಸಿಕ ಕಾದಂಬರಿ ಅದೇ. ನಾಯಿಗುತ್ತಿ ಎಂಬ ಹೊಲೆಯರ ಆಳು ತನ್ನ ನಾಯಿಯೊಡನೆ ಕಾಡುದಾರಿ ನಡೆದು, ತಾನು ಒಲಿದ ತಿಮ್ಮಿಯನ್ನು ಕರೆತರಲು ಹೊರಡುತ್ತಾನೆ. ಅವನ ನಡಿಗೆಗೆ, ಅವನ ಹೆದರಿಕೆಗೆ, ಅವನ ನಾಯಿಗೆ ಕೂಡ ಕುವೆಂಪು ಹೆಗ್ಗಡೆಗಳ ಮನೆಯಷ್ಟೇ ಜಾಗ ಕೊಟ್ಟಿದ್ದಾರೆ. ಗುತ್ತಿ ಭಾಷಣ ಮಾಡುವುದಿಲ್ಲ. ಆದರೆ ಯಾರ ಜಗಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು, ಯಾರ ಅಪ್ಪಣೆಯಿಲ್ಲದೆ ತಾನು ಮದುವೆ ಕೂಡ ಆಗಲಾರೆನೆಂಬುದು ಅವನಿಗೆ ಗೊತ್ತು. ಒಡೆತನ ಎಂದರೇನೆಂದು ಹತ್ತು ಕರಪತ್ರಗಳಿಗಿಂತ ಹೆಚ್ಚಾಗಿ ಅದು ತಿಳಿಸುತ್ತದೆ.

ಸಂಗಾತಿಗಳೆ, ಇದೆಲ್ಲ ಸಾಹಿತ್ಯದ ಮಾತಾಯಿತು. ಇದರಿಂದ ನಮ್ಮ ಕೆಲಸಕ್ಕೇನು? ಇಂದು ಹಳ್ಳಿ ಹಳ್ಳಿಗಳಲ್ಲಿ ಏನಾಗುತ್ತಿದೆಯೆಂದು ನೋಡಿರಿ. ಒಂದೊಂದು ಜಾತಿಗೂ ಒಬ್ಬೊಬ್ಬ ರಾಜ, ಒಬ್ಬೊಬ್ಬ ಪಾಳೆಯಗಾರ. ಜಯಂತಿಯೆಂದರೆ ಮೆರವಣಿಗೆ, ಬಾವುಟ, ಬ್ಯಾನರು. ಸಿನಿಮಾದ ಪರದೆಯ ಮೇಲೆ ಕತ್ತಿ ಝಳಪಿಸಿದವನು ತನ್ನ ಜಾತಿಯವನೋ ಮತದವನೋ ಎಂಬುದಕ್ಕೆ ಬಡಿದಾಟ. ಬ್ಯಾನರು ಕಟ್ಟಲು ಕಂಬ ಹತ್ತುವವನು ಮಾತ್ರ ಕೂಲಿಯವನ ಮಗ. ಯಾವ ರಾಜನ ಹೆಸರಿಗೆ ಅವನು ತಲೆ ಒಡೆದುಕೊಳ್ಳಲು ಸಿದ್ಧನಾಗಿದ್ದಾನೆಯೋ ಆ ರಾಜನ ಕಾಲದಲ್ಲಿ ಅವನ ಮುತ್ತಾತ ಬಿಟ್ಟಿ ಚಾಕರಿ ಮಾಡುತ್ತಿದ್ದ. ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆ ನಿಲ್ಲಿಸಿದರು. ಸಂತೋಷ. ಕಾಟಕಾಯಿ ಎಂದು ಜರೆಸಿಕೊಂಡವರಿಗೆ ಅಷ್ಟಾದರೂ ಮರ್ಯಾದೆ ಸಂದಿತು. ಆದರೆ ಆ ಪ್ರತಿಮೆಗೆ ಹಾರ ಹಾಕುವಾಗ ರೊಕ್ಕದ ಕಂದಾಯದ ಮಾತನ್ನೂ ಸಾಲದ ಮಾತನ್ನೂ ಬಿಟ್ಟುಬಿಟ್ಟರೆ, ಅವನಿಗೂ ರಾಜನ ಡ್ರೆಸ್ಸು ಹಾಕಿದಂತೆಯೇ.

ಆದುದರಿಂದ ನಾನು ನಿಮ್ಮಲ್ಲಿ ಎರಡು ಕೆಲಸ ಬೇಡುತ್ತೇನೆ.

ಒಂದನೆಯದು, ಪ್ರತಿ ಘಟಕದಲ್ಲಿಯೂ ತಿಂಗಳಿಗೊಂದು ಸಂಜೆ ಒಂದು ಕಾದಂಬರಿಯನ್ನು ಓದಿ ಮಾತಾಡಿರಿ. ಓದು ಬಾರದವರಿಗೆ ಓದಿ ಹೇಳಿರಿ. ಯಾವ ಐತಿಹಾಸಿಕ ಕಾದಂಬರಿಯಾದರೂ ಚಿಂತೆಯಿಲ್ಲ. ಆದರೆ ಮೂರು ಪ್ರಶ್ನೆ ಮರೆಯಬೇಡಿ. ಈ ಕಥೆಯಲ್ಲಿ ಅನ್ನ ಬೆಳೆದವರು ಯಾರು, ಅವರಿಗೆ ಹೆಸರಿದೆಯೇ? ಯುದ್ಧದ ಖರ್ಚು ಯಾರ ಕಣಜದ್ದು? ಮೇಲಿನವನು ಬದಲಾದಾಗ ಕೆಳಗಿನವನಿಗೆ ಏನು ಬದಲಾಯಿತು? ಈ ಮೂರನ್ನು ಕೇಳಿ ಓದಿದರೆ ಅರಮನೆಯ ಕಾದಂಬರಿಯೂ ನಿಮಗೆ ಪಾಠ ಹೇಳುತ್ತದೆ.

ಎರಡನೆಯದು ಇನ್ನೂ ಅವಸರದ್ದು. ಸಾಗರದ ಬಳಿಯ ಕಾಗೋಡಿನಲ್ಲಿ 1951ರ ಏಪ್ರಿಲಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಹಿಡಿಯುತ್ತಿದ್ದರೆಂಬುದು ಅಲ್ಲಿನ ಮೂಲ ದೂರು. ಆ ಜೂನಿನಲ್ಲಿ ಲೋಹಿಯಾ ಅವರೇ ಬಂದು ದಸ್ತಗಿರಿಯಾದರು. ಅಲ್ಲಿ ಯಾರೂ ರಾಜವಂಶದ ಹೆಸರು ಹೇಳಲಿಲ್ಲ. ಬೂದಿ ಬಸಪ್ಪನ ಕಾಲದಿಂದ ಕಾಗೋಡಿನವರೆಗೆ ನಮ್ಮ ಸೀಮೆಯ ರೈತ ನಡೆದ ದೂರ ಇದೇ: ಬಾಡಿಗೆಯ ಡ್ರೆಸ್ಸನ್ನು ಕಳಚಿಟ್ಟು, ತನ್ನ ಕೊಳಗದ ಲೆಕ್ಕವನ್ನು ತನ್ನ ಬಾಯಲ್ಲಿಯೇ ಕೇಳಿದ. 1974ರ ಭೂಸುಧಾರಣೆಯ ತಿದ್ದುಪಡಿ ಬಂದು ಗೇಣಿ ಪದ್ಧತಿ ಹೋದದ್ದರ ಹಿಂದೆ ಇಂಥವರ ಜೈಲುವಾಸ ಇದೆ. ಆ ದಿನಗಳನ್ನು ಕಂಡವರು ಈಗ ಬೆರಳೆಣಿಕೆಯಷ್ಟು ಜನ. ಮುಖಂಡರ ಚರಿತ್ರೆ ಅಚ್ಚಾಗಿದೆ. ಜೈಲಿಗೆ ಹೋದವನ ಹೆಂಡತಿ ಆ ಮಳೆಗಾಲ ಮನೆಯಲ್ಲಿ ಏನು ಬೇಯಿಸಿದಳು, ಗದ್ದೆಯನ್ನು ಯಾರು ಉತ್ತರು, ಎದೆ ನಡುಗಿ ಹಿಂದೆ ಸರಿದವನು ಏಕೆ ಸರಿದ — ಇದು ಎಲ್ಲಿಯೂ ಅಚ್ಚಾಗಿಲ್ಲ. ನಿಮ್ಮ ನಿಮ್ಮ ಊರುಗಳಲ್ಲಿಯೂ ಇಂಥ ಅಜ್ಜ ಅಜ್ಜಿಯರಿದ್ದಾರೆ. ಪಕ್ಷದ ರಸೀದಿ ಪುಸ್ತಕದ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಹಿಡಿದು ಹೋಗಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ, ತಿದ್ದಬೇಡಿ. ನಾಳೆ ಯಾವನೋ ಒಬ್ಬ ನಿರಂಜನ ಹುಟ್ಟಿ ಬಂದಾಗ ಅವನಿಗೆ ದಾಖಲೆ ಇಲ್ಲವೆಂಬ ನೆವ ಉಳಿಯದಿರಲಿ.

ಕಡೆಯ ಮಾತು. ನಾನು ಆ ಊರು ಬಿಟ್ಟ ಮೇಲೆ ಹೋದ ವರ್ಷ ಜಾತ್ರೆಗೆ ಮತ್ತೆ ಹೋಗಿದ್ದೆ. ನಾಟಕ ನಡೆಯುತ್ತಿತ್ತು. ಅದೇ ಮಂಡಿಯವರ ಮಗ ರಾಜ. ಅದೇ ಗಾರೆ ಕೆಲಸದವನು ಚಾರ. ಈಗ ಅವನ ತಲೆ ನರೆತಿದೆ. ನಡುವೆ ರಾಜನಿಗೆ ಮಾತು ಮರೆತುಹೋಯಿತು. ಹಾರ್ಮೋನಿಯಂ ಮೇಷ್ಟರು ಶ್ರುತಿ ಎಳೆಯುತ್ತ ಕುಳಿತರು. ಆಗ ಚಾರ, ಮುಗಿದ ಕೈಯನ್ನು ಬಿಡದೆಯೇ, ಮೆಲ್ಲಗೆ ರಾಜನ ಮಾತನ್ನು ರಾಜನಿಗೆ ಹೇಳಿಕೊಟ್ಟ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮಗೆಲ್ಲ ಅದು ಕೇಳಿಸಿತು. ಚಪ್ಪಾಳೆ ಬಿದ್ದದ್ದು ರಾಜನಿಗೆ.

ಆಟ ಮುಗಿದ ಮೇಲೆ ಒಳಗೆ ಹೋಗಿ ಅವನನ್ನು ಮಾತಾಡಿಸಿದೆ. “ಬರುವ ವರ್ಷ ರಾಜನ ಪಾತ್ರದ ಹಣ ನಾವು ನಾಲ್ಕು ಜನ ಸೇರಿ ಕೊಡುತ್ತೇವೆ, ನೀನು ಮಾಡು” ಎಂದೆ. ಬಣ್ಣ ಒರೆಸಿಕೊಳ್ಳುತ್ತ ಅವನು ಹೇಳಿದ್ದು ಇದು: “ರಾಜನ ಪಾತ್ರ ಬ್ಯಾಡ ಮೇಷ್ಟ್ರೇ. ನಮ್ಮಂಥೋರ್ದೇ ಒಂದು ನಾಟಕ ಇದ್ರೆ ಹುಡುಕಿ.”

ಅದನ್ನು ಹುಡುಕುವುದೂ, ಇಲ್ಲದಿದ್ದರೆ ಬರೆಯುವಂತೆ ಮಾಡುವುದೂ ನಮ್ಮ ಕೆಲಸವೆಂದು ತಿಳಿದು, ನನ್ನ ಮಾತನ್ನು ಮುಗಿಸುತ್ತೇನೆ.